ಹಳದಿ ಮೇಲೆ ಬಿಳಿ

ಕಂಪ್ಯೂಟರ್ ಚೆನ್ನಾಗಿ ಓಡುತ್ತಿರುವಾಗ ಯಾರೂ ಸಿಸ್ಟಮ್ ಲಾಗ್, ಅಂದರೆ ಕಂಪ್ಯೂಟರ್ ತನ್ನೊಳಗೆ ನಡೆದದ್ದನ್ನು ಬರೆದಿಡುವ ದಿನಚರಿ, ತೆಗೆದು ಓದುವುದಿಲ್ಲ. ವೈಫೈ ಪದೇ ಪದೇ ಕೈಕೊಡುತ್ತಿದೆ, ತಲೆ ಕೆಟ್ಟಿದೆ, ಇನ್ನು ಬೇರೆ ದಾರಿಯೇ ಇಲ್ಲ ಅಂದಾಗ ಮಾತ್ರ ಅತ್ತ ಹೋಗುವುದು. ನಾನೂ ಹಾಗೇ ನನ್ನ ಲಿನಕ್ಸ್ ಡೆಸ್ಕ್‌ಟಾಪಿನ ಲಾಗ್ ವ್ಯೂವರ್ ತೆರೆದೆ. ಮಾಮೂಲಿ ಸಾಲುಗಳೆಲ್ಲ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ, ಮುತ್ತು ಪೋಣಿಸಿದ ಹಾಗೆ. ಎಚ್ಚರಿಕೆಯ ಸಾಲುಗಳಿಗೆ ಮಾತ್ರ ತಿಳಿಹಳದಿ ಪಟ್ಟಿ, ಅದರ ಮೇಲೆ ಅದೇ ಬಿಳಿ ಅಕ್ಷರ. ಎಲ್ಲ ಸರಿಯಿದೆ ಅನ್ನುವ ಸಾಲನ್ನು ಎರಡು ಮಾರು ದೂರದಿಂದ ಓದಬಹುದು, ಏನೋ ಕೆಟ್ಟಿದೆ ಅನ್ನುವ ಸಾಲು ಮಾತ್ರ ಮೂಗು ತಾಗಿಸಿದರೂ ಕಾಣುವುದಿಲ್ಲ!

ಆಗಿರುವುದು ಇಷ್ಟೇ. ಹಳದಿಯನ್ನು ಪ್ರೋಗ್ರಾಮ್ ಬರೆದವರು ತಾವೇ ಹಾಕಿದ್ದಾರೆ, ಅಕ್ಷರದ ಬಣ್ಣವನ್ನು ಥೀಮಿಗೆ, ಅಂದರೆ ಇಡೀ ಡೆಸ್ಕ್‌ಟಾಪಿಗೆ ನಾವು ಆರಿಸಿದ ಬಣ್ಣಗಳಿಗೆ, ಬಿಟ್ಟಿದ್ದಾರೆ. ಬಿಳಿ ಥೀಮಿನಲ್ಲಿ ಅಕ್ಷರ ಕಪ್ಪು, ಅವರಿಗೆ ಚೆನ್ನಾಗೇ ಕಂಡಿರಬೇಕು. ಹಿನ್ನೆಲೆ ನೀವು ಬಳಿದ ಮೇಲೆ ಅಕ್ಷರಕ್ಕೂ ನೀವೇ ಬಣ್ಣ ಕೊಡಬೇಕು ಅಲ್ವಾ?

ಸರಿ, ಮೌಸ್ ಎಳೆದು ಸಾಲನ್ನು ಸೆಲೆಕ್ಟ್ ಮಾಡಿದೆ, ನೀಲಿ ಹಿನ್ನೆಲೆ ಬಂತು, ಓದಲಿಕ್ಕಾಯಿತು. ಅದೂ ಅರ್ಧ. ಕಾರಣ ಹೇಳಲು ಹೊರಟಲ್ಲಿಗೆ ಸರಿಯಾಗಿ ಮೂರು ಚುಕ್ಕಿ. ಕಿಟಕಿ ಹಿಗ್ಗಿಸಿದರೆ ಸಮಯದ ಕಾಲಮ್ ಅಗಲವಾಯಿತು, ಸಂದೇಶದ್ದು ಇದ್ದಲ್ಲೇ ಇತ್ತು. ಆ ಸಮಯವಾದರೂ ಅರ್ಥವಾಗುತ್ತದಾ ಅಂದರೆ, ಕರ್ನಲ್ (ಲಿನಕ್ಸಿನ ತಿರುಳು) ಬರೆದ ಸಂದೇಶಗಳಲ್ಲಿ ಗಂಟೆ ನಿಮಿಷ ಇಲ್ಲ, ಕಂಪ್ಯೂಟರ್ ಬೂಟ್ ಆದಾಗಿನಿಂದ ಎಣಿಸಿದ ಸೆಕೆಂಡು, ಅದೂ ಬಿಂದುವಿನ ನಂತರ 6 ಅಂಕಿ. ವೈಫೈ ಊಟದ ಹೊತ್ತಿಗೆ ಹೋಯಿತು ಅಂತ ಗೊತ್ತು, ಅದು ಎಷ್ಟನೇ ಸೆಕೆಂಡು ಅಂತ ಯಾರು ಲೆಕ್ಕ ಇಟ್ಟಿರುತ್ತಾರೆ?

ಕೊನೆಗೆ ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಲ್ಲಿ, ಇದೇ ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ ಕಮಾಂಡ್ ಓಡಿಸಿದೆ. ಅಲ್ಲೂ ಉದ್ದದ ಸಾಲು ಪರದೆಯ ಅಂಚಿಗೆ ನಿಂತುಬಿಡುತ್ತದೆ, ಆದರೆ ಬಲಬಾಣದ ಕೀ ಒತ್ತಿದರೆ ಉಳಿದದ್ದು ಬರುತ್ತದೆ, ಅಷ್ಟು ದಯೆ ಇದೆ. ಸಂದೇಶದಲ್ಲಿ ತೋರಿಸಲಾಗದ ಅಕ್ಷರ ಸಿಕ್ಕರೆ ಮಾತ್ರ ಇಷ್ಟು ಬೈಟಿನ ‘ಬ್ಲಾಬ್ ಡೇಟಾ’ ಅಂತ ಬರೆದು ಕೈತೊಳೆದುಕೊಳ್ಳುತ್ತದೆ. ಪೂರ್ತಿ ಬೇಕೆಂದರೆ ಕಮಾಂಡಿಗೆ ‘-ಎ’ ಸೇರಿಸಬೇಕು. ಸಂದೇಶಗಳಿಗೆ 0ಯಿಂದ 7ರವರೆಗೆ ಮಟ್ಟಗಳಿವೆ. 0 ಅಂದರೆ ಸಿಸ್ಟಮ್ ಕಥೆ ಮುಗಿಯಿತು ಅಂತ, 7 ಅಂದರೆ ಸುಮ್ನೆ ಪ್ರೋಗ್ರಾಮರುಗಳ ಹರಟೆ. ನಾನು 4ರವರೆಗೆ, ಅಂದರೆ ಎಚ್ಚರಿಕೆಗಳವರೆಗೆ ಮಾತ್ರ ಸೋಸಿದೆ.

ವೈಫೈ ಬಗ್ಗೆ ಇದ್ದದ್ದು ಒಂದೇ ಸಾಲು. ಉಳಿದ ಎಚ್ಚರಿಕೆಗಳಲ್ಲಿ ಜಾಸ್ತಿ ಪಾಲು ಆ ಲಾಗ್ ವ್ಯೂವರೇ ಬರೆದು ತುಂಬಿಸಿದ್ದು: ಥೀಮ್ ಫೈಲಿನಲ್ಲಿರುವ ಯಾವುದೋ ಬಣ್ಣ ತನಗೆ ಓದಲು ಬರುತ್ತಿಲ್ಲವಂತೆ.