ಇಪ್ಪತ್ತು ನಿಮಿಷದ ಸ್ಕೂಬಾ ಸಾಕಾ?

ಕಳೆದ ವಾರ ಅಣ್ಣನ ಮಗಳು ಬೆಂಗಳೂರಿನಿಂದ ಫೋನ್ ಮಾಡಿದ್ದಳು. ಮದುವೆಯಾಗಿ ಆರು ತಿಂಗಳು. ರಜೆಗೆ ಅಂಡಮಾನ್‌ಗೆ ಹೋಗುವುದೋ ಮಾಲ್ಡೀವ್ಸ್‌ಗೆ ಹೋಗುವುದೋ ಎಂದು ಗಂಡ ಹೆಂಡತಿ ಲೆಕ್ಕ ಹಾಕುತ್ತಿದ್ದಾರೆ. "ಅತ್ತೆ, ಪ್ಯಾಕೇಜಿನಲ್ಲೇ ಸ್ಕೂಬಾ ಸೇರಿದೆಯಂತೆ. ಇಪ್ಪತ್ತು ನಿಮಿಷ. ಈಜು ಬರದಿದ್ದರೂ ನಡೆಯುತ್ತದಂತೆ, ವಿಡಿಯೋ ಫ್ರೀ. ಮಾಡಬಹುದಾ?" ಎಂದು ಕೇಳಿದಳು. ಸ್ಕೂಬಾ ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಮುಳುಗುವುದು.

ಫೋನಿನಲ್ಲಿ ಹೇಳಿದ್ದು ನನಗೇ ಸಾಲಲಿಲ್ಲ. ಹೀಗೆ ಕೇಳುವವರು ಈಗ ಜಾಸ್ತಿ ಆಗಿದ್ದಾರೆ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ದ್ವೀಪಗಳಿಗೆ ಖಂಡಿತ ಹೋಗಿ. ಆದರೆ ಮೊದಲು ಮುರುಡೇಶ್ವರದ ಹತ್ತಿರದ ನಮ್ಮ ನೇತ್ರಾಣಿ ದ್ವೀಪದಲ್ಲಿ ನಾಲ್ಕು ದಿನ ಕೊಟ್ಟು ಡೈವಿಂಗ್ ಕಲಿಯಿರಿ. ಕಲಿತವರಿಗೆ ಸಮುದ್ರ ತೋರಿಸುವುದೇ ಬೇರೆ.

ನಾನು ಹುಟ್ಟಿದ್ದು ಕುಮಟಾ ಹತ್ತಿರದ ಒಂದು ಕರಾವಳಿ ಹಳ್ಳಿಯಲ್ಲಿ. ಈಗ ಕೆಲಸ ಶಿರಸಿಯಲ್ಲಿ. ಮನೆಯಿಂದ ಅಲೆಯ ಸದ್ದು ಕೇಳುತ್ತಿತ್ತು. ಹಾಗಿದ್ದೂ ಮೂವತ್ತೇಳು ವರ್ಷದವರೆಗೆ ನಾನು ಒಂದು ಸಲವೂ ಸಮುದ್ರದ ನೀರಿನೊಳಗೆ ಕಣ್ಣು ಬಿಟ್ಟು ನೋಡಿರಲಿಲ್ಲ. ನಮ್ಮ ಮನೆಯ ಹೆಂಗಸರು ಯಾರೂ ನೋಡಿರಲಿಲ್ಲ. ಮೊಣಕಾಲಿನವರೆಗೆ ನೀರು, ಅಷ್ಟೇ. ಸಮುದ್ರ ಅಂದರೆ ನಮಗೆ ಮೀನು, ಉಪ್ಪುಗಾಳಿ, ಮಳೆಗಾಲದ ಭಯ. ಅದರ ಒಳಗೊಂದು ಲೋಕ ಇದೆ ಎಂಬುದು ಟಿ.ವಿ.ಯಲ್ಲಿ ನೋಡುವ ವಿಷಯ ಆಗಿತ್ತು.

ಒಬ್ಬರು ಮಾತ್ರ ಬೇರೆ. ನಮ್ಮ ಸಣ್ಣಮಾವ. ಬಂಡೆಗೆ ಅಂಟಿದ ಚಿಪ್ಪಿಕಲ್ಲು ಕೀಳುವುದಕ್ಕೆ ಅವರು ಉಸಿರು ಕಟ್ಟಿ ಮುಳುಗುತ್ತಿದ್ದರು. ಸೊಂಟಕ್ಕೆ ಬಲೆಯ ಚೀಲ, ಕೈಯಲ್ಲಿ ಒಂದು ಕಬ್ಬಿಣದ ತುಂಡು. ದಡದಲ್ಲಿ ನಿಂತು ನಾವು ಮಕ್ಕಳು ಎಣಿಸುತ್ತಿದ್ದೆವು. ಅರವತ್ತಾದರೂ ಮೇಲೆ ಬರದಿದ್ದರೆ ಅತ್ತೆಗೆ ಕಣ್ಣೀರು ಬರುತ್ತಿತ್ತು. "ನೀರಿಗೆ ಇಳಿದರೆ ಉಸಿರು ಬಿಡಬಾರದು" ಎನ್ನುವುದು ಅವರು ಕಲಿಸಿದ ಒಂದೇ ಪಾಠ.

ಸ್ಕೂಬಾದ ಮೊದಲ ಪಾಠ ಇದಕ್ಕೆ ಪೂರ್ತಿ ಉಲ್ಟಾ. ಉಸಿರು ಯಾವತ್ತೂ ಹಿಡಿಯಬಾರದು.

ಇದು ಯಾಕೆ ಅಂತ ಗೊತ್ತಿಲ್ಲದೆ ಯಾರೂ ಇಳಿಯಬಾರದು. ಸಮುದ್ರದಲ್ಲಿ 10 ಮೀಟರ್ ಕೆಳಗೆ ಹೋದರೆ ಒತ್ತಡ ಎರಡು ಪಟ್ಟಾಗುತ್ತದೆ. ಸಣ್ಣಮಾವ ಮೇಲಿನ ಗಾಳಿಯನ್ನು ಎದೆಯಲ್ಲಿ ತುಂಬಿಕೊಂಡು ಇಳಿಯುತ್ತಿದ್ದರು. ಕೆಳಗೆ ಅದು ಕುಗ್ಗುತ್ತಿತ್ತು, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತಿತ್ತು. ತೊಂದರೆ ಇಲ್ಲ. ಆದರೆ ಸಿಲಿಂಡರ್ ಹೊತ್ತವರು ಆ ಆಳದಲ್ಲೇ, ಆ ಒತ್ತಡದಲ್ಲೇ ಗಾಳಿ ಎಳೆದುಕೊಳ್ಳುತ್ತಾರೆ. ಅಲ್ಲಿ ಎದೆ ತುಂಬಾ ಉಸಿರು ತೆಗೆದುಕೊಂಡು, ಹೆದರಿ, ಬಾಯಿ ಬಿಗಿಹಿಡಿದು ಮೇಲೆ ಹಾರಿದರೆ ಆ ಗಾಳಿ ಎರಡು ಪಟ್ಟು ಹಿಗ್ಗುತ್ತದೆ. ಶ್ವಾಸಕೋಶ ಹರಿಯಬಹುದು. ಜೀವಕ್ಕೇ ಅಪಾಯ. ಹೆದರಿದಾಗ ಉಸಿರು ಕಟ್ಟುವುದು ಮನುಷ್ಯನ ಸ್ವಭಾವ. ಆ ಸ್ವಭಾವವನ್ನು ಬದಲಾಯಿಸುವುದಕ್ಕೆ ಅಭ್ಯಾಸ ಬೇಕು. ಬೋಟಿನ ಮೇಲೆ ಹತ್ತು ನಿಮಿಷ ಹೇಳಿದ್ದು ಎಷ್ಟು ಜನರ ತಲೆಗೆ ಹೋಗುತ್ತದೆ?

ಅಂದಹಾಗೆ ಆ ಸಿಲಿಂಡರ್‌ನಲ್ಲಿ ಇರುವುದು ಆಕ್ಸಿಜನ್ ಅಲ್ಲ. ನಾವು ಈಗ ಉಸಿರಾಡುತ್ತಿರುವ ಇದೇ ಗಾಳಿ, ಒತ್ತಿ ತುಂಬಿದ್ದು. ಅದರಲ್ಲಿ ಆಕ್ಸಿಜನ್ ಸುಮಾರು ಶೇ. 21 ಮಾತ್ರ. ಪೂರ್ತಿ ಆಕ್ಸಿಜನ್ ತುಂಬಿಸಿ ಆಳಕ್ಕೆ ಹೋದರೆ ಅದೇ ವಿಷವಾಗುತ್ತದೆ. ಎಷ್ಟು ಓದಿದವರೂ ಇದನ್ನು ತಪ್ಪು ಹೇಳುತ್ತಾರೆ.

ನನ್ನ ಮೊದಲ ಡೈವ್ ನೇತ್ರಾಣಿಯಲ್ಲಿ ಆಗಲಿಲ್ಲ. ನಮ್ಮ ದೇಶದ್ದೇ ಒಂದು ದೂರದ ದ್ವೀಪಕ್ಕೆ ಮನೆಮಂದಿಯೆಲ್ಲ ಪ್ರವಾಸ ಹೋಗಿದ್ದೆವು. ಒಂದು ಕಡೆ ಹಣ ಕಟ್ಟಿದೆವು. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು, ಓದುವುದಕ್ಕೂ ಬಿಡಲಿಲ್ಲ. ಮೂರು ಕೈಸನ್ನೆ ತೋರಿಸಿದರು. ನನ್ನ ಬೆನ್ನ ಹಿಂದೆ ಒಬ್ಬ ಹುಡುಗ ಸಿಲಿಂಡರ್ ಹಿಡಿದು ನನ್ನನ್ನು ತಳ್ಳಿಕೊಂಡು ಹೋದ. ಮೂರು ಮೀಟರ್ ಹೋಗುವಷ್ಟರಲ್ಲಿ ಎಡಗಿವಿಗೆ ಸೂಜಿ ಚುಚ್ಚಿದ ಹಾಗಾಯಿತು. ಸನ್ನೆ ಮಾಡಿದೆ. ಅವನು ನೋಡಲಿಲ್ಲ, ಕ್ಯಾಮೆರಾದವನ ಕಡೆ ತಿರುಗಿಸಿದ. ನನ್ನ ಕೈಗೆ ಸಮುದ್ರಸೌತೆ ಎಂಬ ಒಂದು ಜೀವಿಯನ್ನು ಇಟ್ಟ, ಫೋಟೋ ತೆಗೆದರು. ಕಾಲಿಗೆ ಹಾಕಿದ್ದ ರೆಕ್ಕೆಯಂಥ ಫಿನ್ ಬಡಿದು ಏನೋ ಮುರಿದದ್ದು ಗೊತ್ತಾಯಿತು. ಅದು ಹವಳ.

ಮನೆಗೆ ಬಂದ ಮೇಲೂ ವಾರಗಟ್ಟಲೆ ಕಿವಿ ಗುಂಯ್ ಎನ್ನುತ್ತಿತ್ತು. ಅದಕ್ಕಿಂತ ಹೆಚ್ಚು ನೋವಾಗಿದ್ದು ಬೇರೆಯದಕ್ಕೆ. ಗುಂಡುಗುಂಡಾಗಿ ಬೆಳೆಯುವ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯುತ್ತದೆ ಎಂದು ಆಮೇಲೆ ಓದಿದೆ. ಹವಳ ಕಲ್ಲಲ್ಲ, ಗಿಡವೂ ಅಲ್ಲ, ಸಾವಿರಾರು ಪುಟ್ಟ ಪ್ರಾಣಿಗಳು ಕಟ್ಟಿದ ಮನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ಹುಲಿಗೆ ಇರುವಂಥದೇ ರಕ್ಷಣೆ ಇದೆ. ನನ್ನ ಕೈಯಲ್ಲಿಟ್ಟ ಆ ಸಮುದ್ರಸೌತೆಯೂ ರಕ್ಷಿತ ಜೀವಿಯೇ. ಆ ಫೋಟೋ ನಾನು ಅಳಿಸಿ ಹಾಕಿದೆ.

ಎರಡು ವರ್ಷ ಬಿಟ್ಟು ನೇತ್ರಾಣಿಯಲ್ಲಿ ಕೋರ್ಸ್ ಸೇರಿದೆ. ಓಪನ್ ವಾಟರ್ ಎಂದು ಅದಕ್ಕೆ ಹೆಸರು. ನನ್ನದು ಡೈವಿಂಗ್ ತರಬೇತಿಯ ಪ್ಯಾಡಿ ಎಂಬ ಸಂಸ್ಥೆಯ ಕ್ರಮದ್ದು. ಹತ್ತು ವರ್ಷ ಆದ ಮಕ್ಕಳೂ ಸೇರಬಹುದು. 200 ಮೀಟರ್ ಈಜಬೇಕು, ಅವಸರ ಇಲ್ಲ, ಎಷ್ಟು ಹೊತ್ತಾದರೂ ಸರಿ. ಹತ್ತು ನಿಮಿಷ ಸುಮ್ನೆ ತೇಲಬೇಕು. ಆಸ್ತಮಾ ಇದೆಯಾ, ಹೃದಯದ ತೊಂದರೆ ಇದೆಯಾ, ಕಿವಿಯ ಆಪರೇಷನ್ ಆಗಿದೆಯಾ, ಗರ್ಭಿಣಿಯಾ ಎಂದೆಲ್ಲ ಕೇಳುತ್ತಾರೆ. ಸುಳ್ಳು ಬರೆಯಬೇಡಿ. ಆಮೇಲೆ ಆಳ ಕಡಿಮೆ ಇರುವ ನೀರಿನಲ್ಲಿ ಅಭ್ಯಾಸ. ಮಾಸ್ಕ್‌ಗೆ ನೀರು ತುಂಬಿಸಿಕೊಂಡು ಮೂಗಿನಿಂದ ಊದಿ ಖಾಲಿ ಮಾಡುವುದು, ಸಿಲಿಂಡರ್‌ನ ಗಾಳಿ ಬಾಯಿಗೆ ಕೊಡುವ ರೆಗ್ಯುಲೇಟರ್ ಬಿಟ್ಟು ಮತ್ತೆ ಹುಡುಕಿ ಹಾಕಿಕೊಳ್ಳುವುದು, ಜೊತೆಯವರ ಗಾಳಿ ಮುಗಿದರೆ ನಮ್ಮದನ್ನು ಹಂಚಿಕೊಳ್ಳುವುದು. ಮೊದಲ ದಿನ ಮಾಸ್ಕ್ ತೆಗೆದಾಗ ನನಗೆ ಗಾಬರಿಯಾಗಿ ಎದ್ದು ನಿಂತುಬಿಟ್ಟೆ. ಇನ್‌ಸ್ಟ್ರಕ್ಟರ್ ಬೈಯಲಿಲ್ಲ. "ಅಕ್ಕ, ಇವತ್ತು ಸಂಜೆವರೆಗೂ ನಮಗೆ ಟೈಮ್ ಇದೆ" ಎಂದರು. ಒಂಬತ್ತನೇ ಸಲಕ್ಕೆ ಬಂತು.

ಕಿವಿಯ ಗುಟ್ಟೂ ಅಲ್ಲಿಯೇ ಗೊತ್ತಾಗಿದ್ದು. ಮೂಗು ಹಿಡಿದು ಮೆಲ್ಲಗೆ ಊದಬೇಕು. ನೋವು ಶುರುವಾಗುವುದಕ್ಕೆ ಮೊದಲೇ, ಪ್ರತಿ ಮೀಟರ್‌ಗೂ. ನೋವು ಬಂದರೆ ಸ್ವಲ್ಪ ಮೇಲೆ ಬರಬೇಕು. ಇಷ್ಟೇ. ಇಷ್ಟನ್ನು ಮೊದಲ ಸಲ ಯಾರಾದರೂ ಸರಿಯಾಗಿ ಹೇಳಿದ್ದರೆ ನನ್ನ ಕಿವಿ ಉಳಿಯುತ್ತಿತ್ತು ಅಲ್ವಾ?

ಇನ್ನು ನೇತ್ರಾಣಿ. ಮುರುಡೇಶ್ವರದಿಂದ ಬೋಟು ಬೆಳಿಗ್ಗೆ ಹೊರಡುತ್ತದೆ. ಸುಮಾರು 19 ಕಿಲೋಮೀಟರ್, ಒಂದೂವರೆ ತಾಸಿನ ಹಾದಿ. ಹಿಂದೆ ತಿರುಗಿ ನೋಡಿದರೆ ಶಿವನ ಮೂರ್ತಿ, 20 ಅಂತಸ್ತಿನ ಗೋಪುರ ಚಿಕ್ಕದಾಗುತ್ತಾ ಹೋಗುತ್ತವೆ. ಮುಂದೆ ಕಾಡು ಹೊದ್ದ ಕಲ್ಲುಗುಡ್ಡ. ಪಾರಿವಾಳ ಗುಡ್ಡ ಎಂದೂ ಕರೆಯುತ್ತಾರೆ. ಮೀನುಗಾರರು ಹರಕೆಗೆ ಬಿಟ್ಟ ಆಡುಗಳು ಅಲ್ಲಿ ಓಡಾಡುತ್ತವೆ. ಬಿಳಿಹೊಟ್ಟೆಯ ಕಡಲ ಹದ್ದು ತಲೆಯ ಮೇಲೆ ಸುತ್ತುತ್ತದೆ. ವರ್ಷಗಟ್ಟಲೆ ನೌಕಾಪಡೆಯವರು ಈ ಗುಡ್ಡವನ್ನೇ ಗುರಿ ಮಾಡಿ ಗುಂಡು ಹಾರಿಸುವ ಅಭ್ಯಾಸ ಮಾಡುತ್ತಿದ್ದರು. ಇಷ್ಟೆಲ್ಲ ಆದರೂ ಅದರ ಬುಡದಲ್ಲಿ ಹವಳ ಉಳಿದುಕೊಂಡಿದೆ.

ಕೆಳಗೆ ಇಳಿದ ಕೂಡಲೇ ಮೊದಲು ನನಗೆ ತಟ್ಟಿದ್ದು ಸದ್ದು. ನೀರಿನಡಿ ಮೌನ ಇರುತ್ತದೆ ಎಂದುಕೊಂಡಿದ್ದೆ. ಇಲ್ಲ. ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿದ ಹಾಗೆ ಎಲ್ಲ ಕಡೆಯಿಂದ ಚಟಪಟ. ಅದು ಕೊಂಡಿ ಬಡಿಯುವ ಒಂದು ಜಾತಿಯ ಸಿಗಡಿ. ಎಲ್ಲಿಂದ ಬರುತ್ತಿದೆ ಎಂದು ಹೇಳಲು ಆಗುವುದಿಲ್ಲ, ಯಾಕೆಂದರೆ ನೀರಿನಲ್ಲಿ ಸದ್ದು ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟು ವೇಗವಾಗಿ ಓಡುತ್ತದೆ. ಎರಡು ಕಿವಿಗೂ ಒಟ್ಟಿಗೇ ಬಂದ ಹಾಗೆ ಆಗುತ್ತದೆ.

ಇಡಗುಂಜಿಯಲ್ಲಿ ಕಟ್ಟಿಸಿಕೊಂಡ ಕೆಂಪು ದಾರ ಕೈಯಲ್ಲಿತ್ತು. ಹತ್ತು ಮೀಟರ್‌ನಲ್ಲಿ ಅದು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ನೀರು ಮೊದಲು ನುಂಗುವುದು ಕೆಂಪನ್ನೇ. ಇನ್‌ಸ್ಟ್ರಕ್ಟರ್ ಟಾರ್ಚ್ ಹಾಕಿದರು. ಕುಂಕುಮದ ಹಾಗೆ ಮತ್ತೆ ಹೊಳೆಯಿತು. ಆಮೇಲೆ ಅದೇ ಟಾರ್ಚ್ ಬಂಡೆಯ ಸಂದಿಗೆ ಹಿಡಿದರು. ಬೂದಿಬಣ್ಣ ಎಂದುಕೊಂಡಿದ್ದ ಗೋಡೆಯ ತುಂಬ ಕಿತ್ತಳೆ, ಕೆಂಪು, ನೇರಳೆ. ಒಳಗೆ ಹಾವಿನಂಥ ಮೀನು, ಮೊರೆ ಈಲ್, ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಕಚ್ಚುವುದಕ್ಕೆ ಬರುತ್ತದೆ ಅಂದುಕೊಂಡೆ. ಅದು ಉಸಿರಾಡುವ ರೀತಿಯೇ ಹಾಗಂತೆ.

ನನಗೆ ಅತಿ ಇಷ್ಟ ಗಿಳಿಮೀನು. ಗಿಳಿಯ ಕೊಕ್ಕಿನಂಥ ಬಾಯಿಯಿಂದ ಹವಳದ ಮೇಲಿನ ಪಾಚಿ ಕೆರೆದು ತಿನ್ನುತ್ತದೆ. ಆ ಕರ್‌ಕರ್ ಸದ್ದು ನಮಗೂ ಕೇಳುತ್ತದೆ. ಜೊತೆಗೆ ನುಂಗಿದ ಹವಳವನ್ನು ಅರೆದು ಮರಳಾಗಿ ಹೊರಹಾಕುತ್ತದೆ. ಮಾಲ್ಡೀವ್ಸ್‌ನ ಬಿಳಿ ಮರಳಿನಲ್ಲಿ ದೊಡ್ಡ ಪಾಲು ಈ ಮೀನಿನದೇ. ಪೋಸ್ಟರ್‌ನಲ್ಲಿ ಕಾಣುವ ಆ ಕಡಲತೀರವನ್ನು ಮಾಡಿಟ್ಟವರು ಯಾರು ಎಂದು ಗೊತ್ತಾದ ಮೇಲೆ ಅಲ್ಲಿ ನಡೆಯುವ ಖುಷಿಯೇ ಬೇರೆ ಆಗುತ್ತದೆ.

ಪ್ರಾಮಾಣಿಕವಾಗಿ ಹೇಳುತ್ತೇನೆ, ನೇತ್ರಾಣಿಯ ನೀರು ಮಾಲ್ಡೀವ್ಸ್‌ನಷ್ಟು ತಿಳಿಯಾಗಿಲ್ಲ. ಅಲ್ಲಿಯ ದ್ವೀಪಗಳು ಹವಳದ್ದೇ, ಸಾವಿರಕ್ಕೂ ಜಾಸ್ತಿ. ನದಿ ಇಲ್ಲ, ಕೆಸರಿಲ್ಲ. ನಮ್ಮಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲ ಮಳೆಗಾಲದಲ್ಲಿ ಘಟ್ಟದ ಮಣ್ಣು ತಂದು ಸುರಿಯುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೈವಿಂಗ್ ಇರುವುದೇ ಇಲ್ಲ. ಆದರೆ ಆ ನದಿ ತಂದ ಸಾರದಿಂದಲೇ ಇಲ್ಲಿ ಮೀನು ಜಾಸ್ತಿ. ಡಿಸೆಂಬರ್, ಜನವರಿಯ ಒಳ್ಳೆಯ ದಿನ ಸಿಕ್ಕಿದರೆ ಬಾರಾಕುಡಾಗಳ ಗುಂಪು, ಚಿಟ್ಟೆಮೀನು, ಅದೃಷ್ಟ ಇದ್ದರೆ ಆಮೆ. ಇಲ್ಲಿ ಮಬ್ಬು ನೀರಿನಲ್ಲಿ, ಸೆಳವಿನಲ್ಲಿ ಕಲಿತವರಿಗೆ ಅಲ್ಲಿ ಸಲೀಸು.

ಅಂಡಮಾನ್‌ನ ಸ್ವರಾಜ್ ದ್ವೀಪ, ಅಂದರೆ ಹಳೆಯ ಹ್ಯಾವ್‌ಲಾಕ್, ಲಕ್ಷದ್ವೀಪದ ಕಡ್ಮತ್, ಇವೆಲ್ಲ ನಿಜಕ್ಕೂ ಚಂದ. ಲಕ್ಷದ್ವೀಪಕ್ಕೆ ಪರ್ಮಿಟ್ ಬೇಕು, ಮೊದಲೇ ಮಾಡಿಸಿ. ಆದರೆ ಅಲ್ಲಿಗೆ ಹೋದಾಗ ಬೆಳ್ಳಗಾದ ಹವಳ ಕಂಡರೆ ಚಂದ ಎಂದು ಫೋಟೋ ತೆಗೆಯಬೇಡಿ. ಅದು ಬಿಸಿಗೆ ಬಳಲಿದ ಹವಳ. ನೀರು ಬೇಸಿಗೆಯ ಮಾಮೂಲಿಗಿಂತ ಒಂದು ಡಿಗ್ರಿ ಹೆಚ್ಚಾಗಿ ವಾರಗಟ್ಟಲೆ ನಿಂತರೆ ಒಳಗಿನ ಪಾಚಿಯನ್ನು ಅದು ಹೊರಹಾಕುತ್ತದೆ. ಬಣ್ಣ ಹೋಗುತ್ತದೆ, ಊಟ ಹೋಗುತ್ತದೆ. 1998ರಲ್ಲಿ ಮಾಲ್ಡೀವ್ಸ್, ಲಕ್ಷದ್ವೀಪ ಎರಡೂ ಕಡೆ ಹೀಗಾಯಿತು. ಲಕ್ಷದ್ವೀಪದಲ್ಲಿ 2024ರಲ್ಲಿ ಮತ್ತೆ ಆಯಿತು. ಇಂಥ ಹೊತ್ತಿನಲ್ಲಿ ಒದೆಯಲು ಮಾತ್ರ ಗೊತ್ತಿರುವ ಸಾವಿರ ಕಾಲುಗಳು ಅದರ ಮೇಲೆ ಬೀಳುತ್ತಿವೆ. ಥಾಯ್ಲೆಂಡ್‌ನ ಮಾಯಾ ಬೇ ಎಂಬ ಕಡಲತೀರವನ್ನು ಜನರ ಕಾಟ ತಡೆಯದೆ 2018ರಲ್ಲಿ ಮುಚ್ಚಿದರು. ತೆರೆದದ್ದು 2022ಕ್ಕೆ. ನೇತ್ರಾಣಿಗೂ ಆ ದಿನ ಬರುವ ಮೊದಲೇ ದಿನಕ್ಕೆ ಇಷ್ಟೇ ಜನ ಎಂದು ಗಟ್ಟಿ ಮಿತಿ ಹಾಕಬೇಕು ಎನ್ನುವುದು ನನ್ನ ಬೇಡಿಕೆ. ಇದರಿಂದ ಬೋಟಿನವರಿಗೆ ನಷ್ಟ ಎಂದು ಕೆಲವರು ಹೇಳುತ್ತಾರೆ. ಇಪ್ಪತ್ತು ನಿಮಿಷದವರನ್ನು ಕಡಿಮೆ ಮಾಡಿ ನಾಲ್ಕು ದಿನ ಉಳಿಯುವವರನ್ನು ಜಾಸ್ತಿ ಮಾಡಿದರೆ ಹೋಂಸ್ಟೇ, ಊಟದ ಮನೆ, ಬೋಟು ಎಲ್ಲರಿಗೂ ದುಡ್ಡು ಸಿಗುತ್ತದೆ.

ನಮ್ಮ ಮೀನುಗಾರರ ಮಕ್ಕಳಿಗೆ ಸರ್ಕಾರವೇ ಹಣ ಕೊಟ್ಟು ಈ ಕೋರ್ಸ್ ಕಲಿಸಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ನನಗೆ 26,000 ರೂಪಾಯಿ ಆಯಿತು. ಬಲೆ ಎಳೆಯುವ ಮನೆಯ ಹುಡುಗ, ಹುಡುಗಿ ಅಷ್ಟು ಎಲ್ಲಿಂದ ತರಬೇಕು? ಗಾಳಿ, ಸೆಳವು, ಬಂಡೆ ಎಲ್ಲ ಅವರಿಗೆ ಹುಟ್ಟಿನಿಂದ ಗೊತ್ತು. ನೀರಿನಡಿ ಹವಳಕ್ಕೆ ಸುತ್ತಿಕೊಂಡ ಹಳೆಯ ಬಲೆ ಬಿಡಿಸುವುದಕ್ಕೆ ಅವರಿಗಿಂತ ಒಳ್ಳೆಯ ಕೈ ಇನ್ನೆಲ್ಲಿ ಸಿಗುತ್ತದೆ?

ನಾಲ್ಕು ದಿನ ರಜೆ ಇಲ್ಲ, ಅಷ್ಟು ಹಣ ಇಲ್ಲ ಎನ್ನುವವರು ಇದ್ದಾರೆ. ಅವರಿಗೆ ಬೇಡ ಎನ್ನಲು ನನಗೆ ಮನಸ್ಸಿಲ್ಲ. ಆದರೆ ಹಣ ಕಟ್ಟುವ ಮೊದಲು ಕೇಳಿ: ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ? ಆರೋಗ್ಯದ ಫಾರಂ ಇದೆಯಾ? ಆಳ ಇಲ್ಲದ ನೀರಿನಲ್ಲಿ ಮೊದಲು ಅಭ್ಯಾಸ ಮಾಡಿಸುತ್ತೀರಾ? ಈಜು ಬರದವರು ಮೊದಲು ಈಜು ಕಲಿಯಲಿ. ಏನನ್ನೂ ಮುಟ್ಟಬೇಡಿ, ಮುಟ್ಟಿಸಿದರೂ ಬೇಡ ಎನ್ನಿ.

ಇನ್ನೊಂದು ಮುಖ್ಯ ವಿಷಯ ಇದೆ, ಇದನ್ನು ನಮ್ಮ ಕಡೆ ಯಾರೂ ಗಮನಿಸುವುದಿಲ್ಲ. ಡೈವ್ ಆದ ಮೇಲೆ ವಿಮಾನ ಹತ್ತಲು ಒಂದೇ ಡೈವ್ ಆದರೆ ಕನಿಷ್ಠ 12 ತಾಸು, ಹೆಚ್ಚು ಸಲ ಇಳಿದಿದ್ದರೆ 18 ತಾಸು ಬಿಡಬೇಕು. ಆಳದಲ್ಲಿ ಎಳೆದುಕೊಂಡ ಗಾಳಿಯಿಂದ ರಕ್ತದಲ್ಲಿ ಕರಗಿದ ನೈಟ್ರೋಜನ್, ಎತ್ತರದ ಕಡಿಮೆ ಒತ್ತಡದಲ್ಲಿ ಗುಳ್ಳೆ ಏಳದ ಹಾಗೆ ಹೊರಹೋಗಲು ಸಮಯ ಬೇಕು, ಸೋಡಾ ಬಾಟಲಿ ಮೆಲ್ಲಗೆ ತೆರೆಯಬೇಕಲ್ಲ, ಹಾಗೆ. 2,000 ಅಡಿಗಿಂತ ಎತ್ತರಕ್ಕೆ ರಸ್ತೆಯಲ್ಲಿ ಹತ್ತುವುದನ್ನೂ ಇದೇ ಲೆಕ್ಕದಲ್ಲಿ ನೋಡಬೇಕು ಎಂದು ನಮಗೆ ಕಲಿಸಿದರು. ಬೆಂಗಳೂರು ಇರುವುದು 900 ಮೀಟರ್, ಅಂದರೆ ಸುಮಾರು 3,000 ಅಡಿ ಎತ್ತರದಲ್ಲಿ. ಮಧ್ಯಾಹ್ನ ನೇತ್ರಾಣಿಯಿಂದ ಬಂದು ಸಂಜೆಯೇ ಕಾರು ಹತ್ತಿ ಘಟ್ಟ ಏರುವವರು ಎಷ್ಟೊಂದು ಜನ! ಒಂದು ರಾತ್ರಿ ಮುರುಡೇಶ್ವರದಲ್ಲೇ ಮಲಗಿ. ಬೆಳಿಗ್ಗೆ ಎದ್ದು ಹೊರಡಿ.

ಸಣ್ಣಮಾವನಿಗೆ ಈಗ 74. ನೀರಿಗೆ ಇಳಿಯುವುದಿಲ್ಲ. ಕೋರ್ಸ್ ಮುಗಿಸಿ ಬಂದ ದಿನ ಜಗಲಿಯಲ್ಲಿ ಕೂರಿಸಿಕೊಂಡು, "ಪಾರಿವಾಳ ಗುಡ್ಡದ ಬುಡದಲ್ಲಿ ಎಷ್ಟು ವರ್ಷ ಲಂಗರು ಹಾಕಿದ್ದೆ. ಕೆಳಗೆ ಎಂತ ಇದೆ, ಹೇಳು ಮಗಳೆ" ಎಂದರು. ಕ್ಯಾಲೆಂಡರಿನ ಹಿಂದೆ ಪೆನ್ಸಿಲ್‌ನಲ್ಲಿ ಬಂಡೆ ಬರೆದೆ, ಸಂದಿ ಬರೆದೆ, ಮೀನು ಬರೆದೆ. ಅವರು ಪ್ರತಿಯೊಂದಕ್ಕೂ ತಮ್ಮ ಹೆಸರು ಹೇಳುತ್ತಾ ಹೋದರು. ನನಗೆ ಇಂಗ್ಲಿಷಿನಲ್ಲಿ ಮಾತ್ರ ಗೊತ್ತಿದ್ದ ಏಳೆಂಟು ಮೀನಿಗೆ ಅವತ್ತು ನಮ್ಮ ಹೆಸರು ಸಿಕ್ಕಿತು. ಆ ಹಾಳೆ ಈಗಲೂ ಅವರ ಕೋಣೆಯ ಗೋಡೆಯ ಮೇಲಿದೆ.

ಅಣ್ಣನ ಮಗಳು ನಿನ್ನೆ ಮತ್ತೆ ಫೋನ್ ಮಾಡಿದ್ದಳು. ಅಂಡಮಾನ್ ಟಿಕೆಟ್ ಫೆಬ್ರವರಿಗೆ ಹಾಕಿದ್ದಾರೆ. ಡಿಸೆಂಬರ್‌ನಲ್ಲಿ ನಾಲ್ಕು ದಿನ ನಮ್ಮಲ್ಲಿಗೆ. ಅಲ್ಲಿಯವರೆಗೆ ಹತ್ತು ನಿಮಿಷ ತೇಲುವುದನ್ನು ಕಲಿತು ಬರಬೇಕು ಎಂದು ಹೇಳಿದ್ದೇನೆ. ಅಳಿಯ ಈಗಾಗಲೇ ಈಜುಕೊಳಕ್ಕೆ ಸೇರಿದ್ದಾನಂತೆ.