ಎಡದಿಂದ ಬಲಕ್ಕೆ, ಅಂಬಿಗನನ್ನು ಬಿಟ್ಟು

ಕೋಲಾರದ ಕಡೆ ಕೆರೆ ತುಂಬಿತೆಂದು ಮತ್ತೊಂದು ಬಾಗಿನವಾಯಿತು. ಫೋಟೊ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಒಂದು ತೆಪ್ಪ, ಅದು ತಡೆಯುವುದಕ್ಕಿಂತ ಇಮ್ಮಡಿ ಗಣ್ಯರು, ಮೊರದ ತುಂಬ ಅರಿಸಿನ, ಕುಂಕುಮ, ಬಳೆ. ಶಾಲು ಮುಚ್ಚಿಹೋಗುತ್ತದೆಂದು ಲೈಫ್ ಜಾಕೆಟ್ಟುಗಳನ್ನು ಕಾಲಡಿಯಲ್ಲಿ ಹಾಕಿಕೊಂಡಿದ್ದಾರೆ. ಕೆಳಗೆ ‘ಎಡದಿಂದ ಬಲಕ್ಕೆ’ ಎಂದು ಎಲ್ಲರ ಹೆಸರು ಮತ್ತು ಹುದ್ದೆ, ಮಾಜಿಗಳ ಮಾಜಿಗಳನ್ನೂ ಬಿಡದೆ. ಬಲತುದಿಯಲ್ಲಿ ಒಂದು ಮೊಣಕೈ, ಒಂದು ಹುಟ್ಟು. ಅದು ತೆಪ್ಪ ನಡೆಸಿದವನದು. ತಲೆ ಫೋಟೊದಲ್ಲಿ ಇಲ್ಲ, ಆದ್ದರಿಂದ ಹೆಸರಿನ ಅಗತ್ಯವೂ ಬೀಳಲಿಲ್ಲ.

ಆದರೂ ಅಂಬಿಗನಾಗಿ ಹುಟ್ಟುವುದಿದ್ದರೆ ನಮ್ಮ ಸೀಮೆಯಲ್ಲೇ ಹುಟ್ಟಬೇಕು. ಬೇರೆ ಕಡೆಯವರಿಗೆ ಸುಳಿಯ ಭಯ, ಪ್ರವಾಹದ ಭಯ, ಸೇತುವೆ ಕಟ್ಟಿದರೆ ಹೊಟ್ಟೆಪಾಡು ಹೋಗುತ್ತದೆಂಬ ಭಯ. ನಮ್ಮಲ್ಲಿ ಸೇತುವೆ ಗಟ್ಟಿಯಾಗಿದೆ, ಅದರ ಕೆಳಗೆ ಹುಡುಗರು ಕ್ರಿಕೆಟ್ ಆಡುತ್ತಾರೆ. ನದಿಗಳಿಗೆ ಕೊರತೆಯೆಂದು ಯಾರೂ ಅನ್ನಬಾರದು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಅರ್ಕಾವತಿ ಎಲ್ಲವೂ ನಂದಿಬೆಟ್ಟದ ಸುತ್ತ ಹುಟ್ಟಿದ ಹೆಣ್ಣುಮಕ್ಕಳೇ. ಒಬ್ಬಳನ್ನು ನೆಲ್ಲೂರಿನ ಕಡೆ ಕೊಟ್ಟೆವು, ಇಬ್ಬರನ್ನು ತಮಿಳುನಾಡಿಗೆ, ಒಬ್ಬಳು ಆಂಧ್ರದಲ್ಲಿ ಅಕ್ಕನ ಮನೆಯನ್ನೇ ಸೇರಿಕೊಂಡಳು, ಇನ್ನೊಬ್ಬಳು ಕಾವೇರಿಯ ಪಾಲಾದಳು. ತವರಿಗೆ ಬರುವುದು 2021ರ ನವೆಂಬರಿನಂತಹ ಮಳೆ ಬಂದರೆ ಮಾತ್ರ. ಬಂದರೂ ಕೋಡಿ ನೋಡಲು ಹೋದವರನ್ನು ಹೆದರಿಸಿ ಹೊರಟುಬಿಡುತ್ತಾರೆ.

ಪಶ್ಚಿಮಘಟ್ಟದ ನೀರನ್ನು ನಮ್ಮ ಕಡೆ ತರುವ ಎತ್ತಿನಹೊಳೆ ಯೋಜನೆ ಬರುತ್ತಿದೆಯಲ್ಲ ಎನ್ನುತ್ತೀರಿ. ಬರುತ್ತಿದೆ. 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಅಡಿಗಲ್ಲು ಹಾಕಿದಾಗಿನಿಂದ ಬರುತ್ತಲೇ ಇದೆ. ಮೊದಲು ಹೇಳಿದ ಅಂದಾಜು ವೆಚ್ಚ 8,323 ಕೋಟಿ ರೂಪಾಯಿ, ಆಮೇಲೆ 12,912 ಕೋಟಿ, ಈಗ 23,251 ಕೋಟಿ. ಘಟ್ಟ ಹತ್ತಬೇಕಾದದ್ದು ನೀರು ಎಂದುಕೊಂಡಿದ್ದೆವು. ಖರ್ಚು ಮೊದಲು ಹತ್ತಿತು. 2024ರ ಗೌರಿಹಬ್ಬಕ್ಕೆ ಸಕಲೇಶಪುರದ ಕಡೆ ಮೊದಲ ಹಂತದ ಉದ್ಘಾಟನೆಯಾಯಿತು. ನಮ್ಮ ಅಂಬಿಗ ಅದನ್ನು ಟಿವಿಯಲ್ಲಿ ಕಣ್ತುಂಬ ನೋಡಿದ.

ಜನವರಿ 21ರಂದು ಮಾತ್ರ ಅವನ ಕುಲಕ್ಕೆ ಸರ್ಕಾರಿ ಗೌರವ ತಪ್ಪುವುದಿಲ್ಲ. ಅಂದು ಅಂಬಿಗರ ಚೌಡಯ್ಯನವರ ಜಯಂತಿ. ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸುತ್ತಲೇ ವಚನಗಳಲ್ಲಿ ಕಪಟಿಗಳನ್ನು ನೇರವಾಗಿ ಜಾಡಿಸಿದವರು, ಎದುರಿಗೆ ಯಾರಿದ್ದಾರೆಂದು ನೋಡಿದವರಲ್ಲ. ಕಚೇರಿಗಳಲ್ಲಿ ಅವರ ಭಾವಚಿತ್ರಕ್ಕೆ ಹಾಕುವ ಹಾರ ಎಷ್ಟು ದಪ್ಪವೆಂದರೆ ಬಾಯಿಯವರೆಗೆ ಮುಚ್ಚಿರುತ್ತದೆ. ಮುಂಜಾಗ್ರತೆ ಇರಬೇಕು.

ಹಾಗಾದರೆ ಈ ಕೆರೆ ತುಂಬಿದ್ದು ಯಾವ ನೀರಿನಿಂದ? ಗೊತ್ತಿದ್ದೂ ಕೇಳಬಾರದು. ಕೆ.ಸಿ. ವ್ಯಾಲಿ, ಅಂದರೆ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರಿನ ಯೋಜನೆ. 2018ರ ಜೂನ್‌ನಿಂದ ಬೆಂಗಳೂರು ಮಿಂದು, ಒಗೆದು, ಫ್ಲಶ್ ಮಾಡಿದ ನೀರು ಎರಡು ಹಂತದ ಶುದ್ಧೀಕರಣ ಮುಗಿಸಿಕೊಂಡು ನಮ್ಮ ಕೆರೆಗಳಿಗೆ ಇಳಿಯುತ್ತಿದೆ. ಮರುತಿಂಗಳೇ ನೊರೆ ಎದ್ದಿತ್ತು. ಮೂರನೆಯ ಹಂತದ ಶುದ್ಧೀಕರಣ ಕೊಡಿ ಎಂದು ಕೇಳಿ ಕೇಳಿ ರೈತರ ಗಂಟಲು ಒಣಗಿದೆ. ಅಂತರ್ಜಲ ಮೇಲೆ ಬಂದಿದೆ, ಸುಳ್ಳು ಹೇಳಬಾರದು. ಬತ್ತಿದ್ದ ಕೊಳವೆಬಾವಿಗಳು ಮತ್ತೆ ನೀರೆತ್ತಿವೆ, ಟೊಮೆಟೊ ಬೆಳೆದಿದ್ದೇವೆ. ಆದರೆ ಅದಕ್ಕೆ ಬಾಗಿನ ಕೊಡುವಾಗ ‘ಗಂಗೆ’ ಎಂದು ಭಾಷಣ ಮಾಡಿ, ಅಲ್ಲೇ ಸೀಲ್ ಮಾಡಿದ ಬಾಟಲಿ ತೆರೆದು ಗಂಟಲು ತೇವ ಮಾಡಿಕೊಳ್ಳುವುದಿದೆಯಲ್ಲ, ಅದನ್ನು ನೋಡಿ ನಗುವ ಶಕ್ತಿಯೂ ಈಗ ನನಗಿಲ್ಲ. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದವರ ಜಿಲ್ಲೆ ಇದು. ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಅಪಾರ್ಟ್‌ಮೆಂಟುಗಳ ಬಚ್ಚಲು ತೊಳೆಯುವವರೂ ನಮ್ಮವರೇ. ಆ ತೊಳೆದ ನೀರಿಗೆ ಅವರ ಊರಿನಲ್ಲೇ ಬಳೆ, ಕುಂಕುಮ. ಒಂದು ಜಿಲ್ಲೆಯನ್ನು ಇದಕ್ಕಿಂತ ಹೆಚ್ಚು ಅವಮಾನಿಸುವುದು ಹೇಗೆ?

ಗಣ್ಯರು ಹೋದ ಮೇಲೆ ತೇಲುತ್ತಿದ್ದ ಪ್ಲಾಸ್ಟಿಕ್ಕನ್ನು ಎತ್ತುವವನು ಅಂಬಿಗನೇ. ಬಿಟ್ಟರೆ ಮರುದಿನ ಸಿಕ್ಕಿಕೊಳ್ಳುವುದು ಅವನ ಬಲೆಗೇ ತಾನೇ? ಕೆರೆಯ ಮೀನು ಗುತ್ತಿಗೆದಾರನದು, ಇವನದು ಕೂಲಿ. ಬಾಗಿನದ ಬಿಲ್ಲಿನಲ್ಲಿ ಶಾಮಿಯಾನ, ಹಾರ, ತಿಂಡಿ, ಡ್ರೋನ್ ಕ್ಯಾಮೆರಾ ಎಲ್ಲಕ್ಕೂ ಒಂದೊಂದು ಸಾಲು ಇರುತ್ತದೆ. ಸ್ವಾಮಿ, ತೆಪ್ಪ ನಡೆಸಿದವನ ಹೆಸರಿನಲ್ಲಿಯೂ ಒಂದು ಸಾಲು ಬರೆದು ಆ ದಿನದ ಕೂಲಿಯನ್ನಾದರೂ ಕೊಟ್ಟು ಕಳುಹಿಸಿ.