ಫ್ರಾಂಕೆನ್‌ಸ್ಟೈನ್‌ ಕಥೆಯಲ್ಲಿ ಸಿಡಿಲು ಎಲ್ಲಿದೆ?

ಹುಚ್ಚು ವಿಜ್ಞಾನಿಯೊಬ್ಬ ಕೋಟೆಯಲ್ಲಿ ಸಿಡಿಲು ಹಿಡಿದು ಹೆಣಕ್ಕೆ ಜೀವ ಕೊಟ್ಟ, ವಿಜ್ಞಾನ ಕೆಟ್ಟದ್ದು ಅನ್ನೋದೇ 'ಫ್ರಾಂಕೆನ್‌ಸ್ಟೈನ್' ಕಾದಂಬರಿಯ ಪಾಠ. ಹೀಗೊಂದು ಫಾರ್ವರ್ಡ್ ಆಗಾಗ ಬರುತ್ತದೆ. ಪುಸ್ತಕದಲ್ಲಿ ಹಾಗಿಲ್ಲ.

ಮೇರಿ ಶೆಲ್ಲಿಯ ಈ ಕಾದಂಬರಿ ಬಂದದ್ದು 1818ರಲ್ಲಿ. ಅದರಲ್ಲಿ ಹೆಣಕ್ಕೆ ಜೀವ ಕೊಡುವ ವಿಕ್ಟರ್ ಫ್ರಾಂಕೆನ್‌ಸ್ಟೈನ್ ಒಬ್ಬ ವಿದ್ಯಾರ್ಥಿ. ಜರ್ಮನಿಯ ಇಂಗೋಲ್‌ಸ್ಟಾಟ್ ಊರಲ್ಲಿ ಮನೆಯ ಮೇಲಿನ ಒಂದು ಕೋಣೆ, ನವೆಂಬರ್ ರಾತ್ರಿ, ಹೊರಗೆ ಮಳೆ, ಮುಗಿಯುತ್ತಾ ಬಂದ ಮೇಣದ ಬತ್ತಿ, ಅಷ್ಟೇ. ಜೀವದ ಕಿಡಿ ಅನ್ನುತ್ತಾನೆ, ವಿಧಾನ ಮಾತ್ರ ಬೇಕೆಂದೇ ಹೇಳುವುದಿಲ್ಲ. ಸಿಡಿಲು ಬಡಿಯುವುದು ಅವನು ಹುಡುಗನಾಗಿದ್ದಾಗ, ಒಂದು ಓಕ್ ಮರಕ್ಕೆ. ಸಿಡಿಲಿನ ಯಂತ್ರ ನಮ್ಮ ತಲೆಯಲ್ಲಿ ಕೂತದ್ದು ಮುಖ್ಯವಾಗಿ 1931ರ ಸಿನಿಮಾದಿಂದ.

ಹಾಗಂತ ವಿದ್ಯುತ್ತಿನ ನಂಟು ಪೂರ್ತಿ ಸುಳ್ಳೂ ಅಲ್ಲ. ಇಟಲಿಯ ವಿಜ್ಞಾನಿ ಗ್ಯಾಲ್ವಾನಿ ವಿದ್ಯುತ್ತಿನಿಂದ ಸತ್ತ ಕಪ್ಪೆಯ ಕಾಲು ಅದುರಿಸಿದ್ದ. 1803ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದವನ ಹೆಣಕ್ಕೂ ವಿದ್ಯುತ್ ಹಾಯಿಸಿದ್ದರು. ಈ ಪ್ರಯೋಗಗಳ ಬಗೆಯನ್ನು ಮೇರಿ 1831ರ ಆವೃತ್ತಿಯ ಮುನ್ನುಡಿಯಲ್ಲಿ ತಾವೇ ನೆನೆಯುತ್ತಾರೆ.

ವಿಜ್ಞಾನ ಕೆಟ್ಟದ್ದಾ? ಆ ಜೀವಿಯ ದೂರೇ ಬೇರೆ. ದೇವರು ಆದಾಮನನ್ನು ಸೃಷ್ಟಿಸಿದ ಕಥೆಯಿರುವ ಇಂಗ್ಲಿಷ್ ಕವಿ ಮಿಲ್ಟನ್ನನ ಕಾವ್ಯವನ್ನು ಅದು ಓದಿ, ಸೃಷ್ಟಿಸಿದವನೇ ನನ್ನನ್ನು ಯಾಕೆ ಬಿಟ್ಟುಹೋದ ಅಂತ ಕೇಳುತ್ತದೆ. ನನಗಂತೂ ಪುಸ್ತಕದ ಜೀವಾಳ ಅದೇ.

ಪರೀಕ್ಷಿಸುವುದು ಸುಲಭ. ಪುಸ್ತಕಕ್ಕೆ ಈಗ ಕಾಪಿರೈಟ್ ಇಲ್ಲ, ಹಳೆಯ ಪುಸ್ತಕಗಳ ಜಾಲತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತ. 'ನವೆಂಬರ್' ಅಂತ ಇಂಗ್ಲಿಷಿನಲ್ಲಿ ಹುಡುಕಿ, ಆ ಪುಟ ಓದಿ. ಫಾರ್ವರ್ಡಿನ ಜೊತೆ ಚಿತ್ರ ಬಂದಿದ್ದರೆ ಅದನ್ನೂ ಇಮೇಜ್ ಸರ್ಚ್‌ಗೆ ಹಾಕಿ, ಅದು ಸಿನಿಮಾದ್ದಾ ಅಂತ ನೋಡಿ.